ಬೋಗುಣಿ ತುಂಬ ಆಲಿಕಲ್ಲು

ಆದೋನಿಯಲ್ಲಿ ಬರೀ ಮಳೆ ಬಂದರೇ ಜನ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಂಥ ಊರಿನಲ್ಲಿ ಆಲಿಕಲ್ಲು! ಆ ಮಧ್ಯಾಹ್ನ ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಯುದ್ಧದ ಕಾಲ. ನಾನು ಮದುವೆಯಾಗಿ ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ನನ್ನ ಗಂಡ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅತ್ತೆ, ನನ್ನದೇ ವಾರಿಗೆಯ ನಾದಿನಿ, ನಾವಿಬ್ಬರು, ಇಷ್ಟೇ ಜನ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು, ನಾನು ಹೊಸ್ತಿಲು ದಾಟುವ ಹೊತ್ತಿಗೆ ಅವರಿಗೆ ಬೆಳಕು ಯಾವುದು ನೆರಳು ಯಾವುದು ಎನ್ನುವುದಷ್ಟೇ ತಿಳಿಯುತ್ತಿತ್ತು. ಹಾಗಾಗಿ ಸೊಸೆಯ ಮುಖವನ್ನು ಅವರು ನೋಡಿದ್ದು ಬೆರಳಿನಿಂದ. ಸವರಿ, "ಮೂಗು ಅಡ್ಡಿಯಿಲ್ಲ" ಅಂದರು. ಎರಡು ವರ್ಷದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಬಳ್ಳಾರಿಯ ದವಾಖಾನೆಯಲ್ಲಿ ಪೊರೆ ತೆಗೆಯುತ್ತಾರೆ ಎಂದು ಗಂಡ ಹೇಳಿ ಹೇಳಿ ಸೋತಿದ್ದರು. ಕಣ್ಣಿಗೆ ಕತ್ತಿ ಎಂದರೆ ಸಾಕು, ಅತ್ತೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರ ನಂಬಿಕೆಯೇ ಬೇರೆ.

"ಕಣ್ಣಾಲಿ ಅಂತೀವಿ, ಆಲಿಕಲ್ಲು ಅಂತೀವಿ. ಆ ಹೆಸರು ಸುಮ್ಮನ ಬಂತೇನು? ಕಣ್ಣಿಗೇ ಅಂತ ದೇವ್ರು ಮ್ಯಾಲಿಂದ ಕಳಿಸೋ ಔಷಧ ಅದು. ಆ ನೀರು ಏಳು ದಿನ ಹಾಕ್ಕೊಂತೀನಿ. ಆಮ್ಯಾಲ ಕಾಣಲಿಲ್ಲಂದ್ರ ನೀವು ಹೇಳಿದ ದವಾಖಾನಿಗೆ ಬರ್ತೀನಿ. ಅಲ್ಲೀ ತನಕ ನನ್ನ ಎಬ್ಬಿಸಬ್ಯಾಡ್ರಿ."

ನನ್ನ ತವರು ಸಿ. ಬೆಳಗಲ್ ಕಡೆ. ಅಲ್ಲಿ ಅರ್ಧ ಮಾತು ತೆಲುಗು, ನಾವು ಆಲಿಕಲ್ಲನ್ನು ವಡಗಳ್ಳು ಅನ್ನುತ್ತಿದ್ದೆವು. ಬಿದ್ದರೆ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ವಡಗಳ್ಳು ಅಂದವರಿಗೆ ಕಣ್ಣಿನ ನೆನಪು ಎಲ್ಲಿಂದ ಬರಬೇಕು! ಆದರೆ ಸೊಸೆ ಬಾಯಿ ಬಿಡುವ ಮನೆ ಅದಲ್ಲ. ಅತ್ತೆಯ ಮುಂದೆ ನಾನು ನಕ್ಕಿದ್ದೂ ಇಲ್ಲ. ಅವರು ಹಿತ್ತಾಳೆಯ ಬೋಗುಣಿಯೊಂದನ್ನು ಬೆಳಗಿಸಿ ಬಾಗಿಲ ಹಿಂದೆ ಇಡಿಸಿದ್ದರು, ಆಲಿಕಲ್ಲು ಬಿದ್ದರೆ ಹಿಡಿಯಲು. ಎರಡು ವರ್ಷ ನಾನು ಆ ಬೋಗುಣಿಯ ಧೂಳು ಒರೆಸಿದ್ದೇ ಬಂತು.

ಯುಗಾದಿಗೆ ಇನ್ನೂ ಒಂದು ವಾರವಿತ್ತು. ಬಿಸಿಲು ಉರಿಯುತ್ತಿತ್ತು. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ, ಇದ್ದಕ್ಕಿದ್ದಂತೆ ಅಂಗಳ ಕಪ್ಪಾಯಿತು. ಗಾಳಿ ಎದ್ದು ಜಿನ್ನಿನ ಕಡೆಯಿಂದ ಹತ್ತಿಯ ಎಳೆಗಳು ಬೀದಿ ತುಂಬ ಹಾರತೊಡಗಿದವು. ಎದುರು ಮನೆಯ ತಗಡಿನ ಮೇಲೆ ಟಣ್ ಎಂದಿತು. ಮತ್ತೊಂದು ಟಣ್. ಆಮೇಲೆ ಎಣಿಸುವುದಕ್ಕೆಲ್ಲಿ ಬಿಟ್ಟಿತು? ತಗಡೇ ಹರಿದುಹೋಗುವ ಹಾಗೆ ಸದ್ದು!

"ಆಲಿಕಲ್ಲು! ಏ, ಬೋಗುಣಿ ತಗೊಂಡು ಓಡ್ರೇ!" ಒಳಗಿನಿಂದ ಅತ್ತೆ ಕೂಗಿದರು. ಅಂಥ ದನಿ ಅವರಲ್ಲಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾನೂ ನಾದಿನಿಯೂ ಬೋಗುಣಿ ಹಿಡಿದು ಬೀದಿಗೆ ಹಾರಿದೆವು. ಅಬ್ಬಾ! ಕಲ್ಲುಹಾಸಿನ ಮೇಲೆ ಅಡಿಕೆಯಷ್ಟು ಗಾತ್ರದ ಕಲ್ಲುಗಳು ಕುಣಿಯುತ್ತಿದ್ದವು. ಹಾರಿಬಂದ ಹತ್ತಿ ಯಾವುದು, ಆಲಿಕಲ್ಲು ಯಾವುದು ತಿಳಿಯದಂತೆ ಬೀದಿ ಬೆಳ್ಳಗಾಗಿತ್ತು. ಯಾರದೋ ಕುರಿಗಳು ಗಾಬರಿಯಾಗಿ ನಮ್ಮ ಕಟ್ಟೆಯ ಕೆಳಗೇ ನುಗ್ಗಿದವು. ಮುದುಕರು, ಹೆಂಗಸರು, ಎಲ್ಲರೂ ಬೀದಿಯಲ್ಲಿ. ಒಂದು ಕಲ್ಲು ನೆತ್ತಿಗೆ ಫಟ್ಟನೆ ಬಡಿಯಿತು. ನಾನು ಹಿಂದುಮುಂದು ನೋಡದೆ ಬೋಗುಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡೆ. ಅದರ ಮೇಲೆ ಕಲ್ಲು ಬಿದ್ದು ಕಿವಿಯೊಳಗೇ ಜಾಗಟೆ! ನಾದಿನಿ ಒಂದು ಹಿಡಿ ಆರಿಸಿ ನನ್ನ ಕುಪ್ಪಸದ ಬೆನ್ನಿಗೆ ಸುರಿದಳು. ನಾನು ಕಿರುಚಿದೆ, ನಕ್ಕೆ, ನಗು ನಿಲ್ಲಿಸಲಾಗದೆ ಅಲ್ಲೇ ಕುಸಿದೆ. ಸೆರಗಿನಲ್ಲಿ ಆರಿಸಿದ್ದನ್ನೆಲ್ಲ ಇಬ್ಬರೂ ಕಟಕಟ ಕಡಿದು ತಿಂದೆವು. ಹಲ್ಲು ಜುಮ್ಮೆನ್ನುತ್ತಿತ್ತು, ಆದರೂ ತಿಂದೆವು.

"ಬೋಗುಣಿ ತುಂಬಿತೇನ?" ಅತ್ತೆ ಕೂಗಿದರು.

"ತುಂಬೈತಿ ರೀ!" ಅಂದೆ, ಬಾಯಿ ತುಂಬ ಆಲಿಕಲ್ಲು ಇಟ್ಟುಕೊಂಡು.

ಮಳೆ ಬಂದಷ್ಟೇ ಬೇಗ ಹೋಯಿತು. ಬೋಗುಣಿ ತಲೆಯಿಂದ ಇಳಿಸಿದಾಗಲೇ ಅದು ಖಾಲಿ ಎಂದು ನನಗೆ ಹೊಳೆದದ್ದು. ನೆಲದ ಮೇಲೆ ಉಳಿದದ್ದು ಕುರಿ ಹಿಕ್ಕೆಯೊಂದಿಗೆ ಕರಗಿದ ರಾಡಿ. ಎರಡು ವರ್ಷ ಅವರು ಕಾದದ್ದನ್ನು ನಾನು ತಿಂದು ಮುಗಿಸಿದ್ದೆ! ಸಿಹಿನೀರಿನ ಕೊಡ ಅತ್ತೆಯ ಪಕ್ಕದಲ್ಲೇ ಇತ್ತು, ಮುಟ್ಟಿದರೆ ಅವರಿಗೆ ಸದ್ದು ತಿಳಿಯುತ್ತಿತ್ತು. ನಾದಿನಿಗೆ ಕಣ್ಣು ಮಿಟುಕಿಸಿ, ಹಿತ್ತಲ ಬಾವಿಯಿಂದ ನೀರು ಸೇದಿ, ಬೋಗುಣಿ ತುಂಬಿಸಿ ತಂದಿಟ್ಟೆ. ಅವರು ಎರಡೂ ಕೈಯಿಂದ ಬೋಗುಣಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಏಳು ದಿನ ನಾನೇ ಅವರ ಕಣ್ಣಿಗೆ ಆ ನೀರು ಬಿಟ್ಟೆ. ನೀರು ಕೆನ್ನೆಯಿಂದ ತುಟಿಗೆ ಇಳಿಯುತ್ತಿತ್ತು, ಅವರು ಸುಮ್ಮನಿರುತ್ತಿದ್ದರು. ನಿಜವಾದ ಆಲಿಕಲ್ಲಿನ ನೀರಾಗಿದ್ದರೆ ಕಣ್ಣು ಬರುತ್ತಿತ್ತೇನೋ ಎಂಬ ಯೋಚನೆ ನನ್ನನ್ನು ಊಟ ಮಾಡಗೊಡಲಿಲ್ಲ. ವಡಗಳ್ಳು ಅನ್ನುವ ನಾನೂ ಆ ಒಂದು ವಾರ ಅವರಷ್ಟೇ ನಂಬಿದ್ದೆ. ಎಂಟನೆಯ ದಿನ ಅತ್ತೆ ಮಗನನ್ನು ಕರೆದು, "ನಡಿಯಪ್ಪ, ಎಲ್ಲಿಗೆ ಕರಕೊಂಡು ಹೋಗ್ತಿ ಹೋಗು" ಅಂದರು.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬಳ್ಳಾರಿಗೆ ಹೋದೆವು. ಪೊರೆ ತೆಗೆದರು. ತಲೆ ಅಲುಗಿಸದೆ ಮಲಗಿದ್ದರು, ಪಟ್ಟಿ ಬಿಚ್ಚಿದರು, ಕೆಲವು ವಾರದ ಮೇಲೆ ಮತ್ತೆ ಅದೇ ದವಾಖಾನೆಗೆ ಹೋದಾಗ ದಪ್ಪ ಗಾಜಿನ ಚಾಳೀಸು ಕೊಟ್ಟರು. ಅದನ್ನು ಹಾಕಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು. ತಡೆಯಲಾರದೆ ನಾನು ಅವರ ಕಾಲು ಹಿಡಿದು, "ಅತ್ತಿ, ಅದು ಆಲಿಕಲ್ಲಿನ ನೀರಲ್ಲರಿ..." ಅಂದೆ.

"ಗೊತ್ತೈತಿ ಬಿಡು. ನಮ್ಮ ಬಾವಿ ನೀರಿನ ಸವುಳು ನನಗ ಗೊತ್ತಾಗಂಗಿಲ್ಲೇನು? ಕಣ್ಣು ಹೋಗಿತ್ತು, ನಾಲಿಗಿ ಹೋಗಿತ್ತೇನು? ಮೊದಲನೇ ದಿನನ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ? ದವಾಖಾನಿಗೆ ಯಾಕ ಬಂದ್ರಿ?"

"ಆವತ್ತು ಬೀದ್ಯಾಗ ಒಬ್ಬಾಕಿ ಬಿದ್ದು ಬಿದ್ದು ನಗ್ತಿದ್ಲು. ಯಾರ್ಲೇ ಇಕಿ ಅಂದ್ಕೊಂಡೆ. ದನಿ ಹಿಡಿದು ನೋಡಿದ್ರ ನನ್ನ ಸೊಸಿ! ಎರಡು ವರ್ಷ ನನ್ನ ಮನ್ಯಾಗಿದ್ದು ಒಮ್ಮಿನೂ ನಕ್ಕಿಲ್ಲ ನೀನು. ಕೇಳಿದೆ, ಕಾಣಲಿಲ್ಲ. ಅದನ್ನ ನೋಡಬೇಕನ್ನಿಸ್ತು, ಬಂದೆ." ಚಾಳೀಸನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. "ಎಲ್ಲಿ, ನಗು ನೋಡೋಣ."

ನಗಲು ಬಾಯಿ ತೆರೆದೆ. ದವಾಖಾನೆಯ ಜನವೆಲ್ಲ ತಿರುಗಿ ನೋಡುವಂತೆ ಗೊಳೋ ಎಂದು ಅತ್ತುಬಿಟ್ಟೆ.