ಫಾಯಿಲ್ ತೆಗೆಯುವ ಮುನ್ನ

ಕಳೆದ ಭಾನುವಾರ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಯಾರೋ ಬಿಸಿಬೇಳೆಬಾತಿನ ಟ್ರೇ ಮೇಲಿನ ಫಾಯಿಲ್ ಸರಿಸಿದರು. ಇಂಗು, ತುಪ್ಪ, ಮರಾಠಿ ಮೊಗ್ಗಿನ ವಾಸನೆ ಸಭಾಂಗಣವನ್ನೆಲ್ಲ ತುಂಬಿತು. ಜನ ಎದ್ದು ಲೈನಿಗೆ ಓಡಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಆ ವಾಸನೆಗೆ ನನಗೆ ಹಸಿವಾಗುವುದಿಲ್ಲ, ಆಂಟಿ ನೆನಪಾಗುತ್ತಾರೆ...

ಇಲ್ಲಿ ಅಮೆರಿಕದ ಮಿಸೌರಿ ಸಿಟಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಧಾರವಾಡದ ಕಡೆಯವರು. ಸಂಘದ ಯಾವ ಕಾರ್ಯಕ್ರಮವಿದ್ದರೂ ಅಡುಗೆಯ ಉಸ್ತುವಾರಿ ಅವರದೇ. ನಾನು ಮಾಡಿದ ಬಾತನ್ನು ರುಚಿ ನೋಡಿ, "ಖಾರ ಮೈಸೂರಾಗ ಬಿಟ್ಟು ಬಂದಿ ಏನವಾ?" ಎಂದು ಕಾಡುತ್ತಿದ್ದರು.

ಆಂಟಿಯ ಗಂಡ, ನಮ್ಮ ಅಂಕಲ್, ತೀರಿಕೊಂಡ ಮೇಲೆ ಬಂದ ಮೊದಲ ಯುಗಾದಿ. ಬಾಗಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದ ಹುಡುಗಿ, "ಆಂಟಿ, ನಿಮ್ಮ ಹೆಸರು ಬರ್ತಿಲ್ಲ. ಗೆಸ್ಟ್ ಲೈನಲ್ಲಿ ಬನ್ನಿ" ಎಂದಳು. ನಮ್ಮಲ್ಲಿ ಆಗ ಮನೆಗೊಂದು ಸದಸ್ಯತ್ವ, ಅದೂ ಗಂಡನ ಹೆಸರಿನಲ್ಲಿ. ಅವನು ತೀರಿಕೊಂಡರೆ ಹೆಂಡತಿಗೆ ವೋಟೂ ಇಲ್ಲ, ಹೆಸರೂ ಇಲ್ಲ. ಬೇಕೆಂದು ಯಾರೂ ಮಾಡಿದ್ದಲ್ಲ. ಸಂಘ ಕಟ್ಟಿದಾಗ ಎಲ್ಲರೂ ಚಿಕ್ಕ ವಯಸ್ಸಿನವರು, ಸಾವಿನ ಯೋಚನೆ ಯಾರಿಗಿತ್ತು?

ಅಧ್ಯಕ್ಷರು ಮುಜುಗರಪಟ್ಟುಕೊಂಡು, ಇನ್ನು ಮುಂದೆ ನಿಮಗೆ ಪ್ರವೇಶ ಉಚಿತ ಎಂದರು. "ಪುಕ್ಕಟೆ ಬ್ಯಾಡ್ರಿ ನನಗ. ಅವರು ಹೋದರು, ಖರೆ. ಅವರ ಜೋಡಿ ನಾನೂ ಹೋದೆನೇನು?" ಎಂದುಬಿಟ್ಟರು ಆಂಟಿ.

ನಮ್ಮ ಅಡುಗೆಮನೆಯ ಟೇಬಲ್ಲಿನ ಮುಂದೆ ಕುಳಿತು ಹೊಸ ನಿಯಮ ಬರೆದೆವು. ಅವರು ಹೇಳುವುದು, ನಾನು ಟೈಪ್ ಮಾಡುವುದು. 'ಸದಸ್ಯರ ವಿಧವೆಯರು' ಎಂದು ನಾನು ಹಾಕಿದ್ದನ್ನು ಅಳಿಸಲು ಹೇಳಿದರು. ಮನೆಯ ದೊಡ್ಡವರೆಲ್ಲ ತಮ್ಮ ತಮ್ಮ ಹೆಸರಿನಲ್ಲೇ ಸದಸ್ಯರು, ಅಷ್ಟಿದ್ದರೆ ಸಾಕು ಎಂದರು. ನಮ್ಮ ಮನೆಯವರು ಕಾಫಿ ಕುಡಿಯುತ್ತಾ, "ಆಂಟಿ, ನೀವೊಂದು ಪಾರ್ಟಿ ಕಟ್ಟಿಬಿಡಿ" ಎಂದು ನಗುತ್ತಿದ್ದರು.

ಆದರೆ ನಮ್ಮ ಸರ್ವಸದಸ್ಯರ ಸಭೆ ನಡೆಯುವುದು ರಾಜ್ಯೋತ್ಸವದ ದಿನ, ಊಟಕ್ಕೆ ಮುಂಚೆ. ಬೇರೆ ದಿನ ಕರೆದರೆ ಅಷ್ಟು ದೂರ ಡ್ರೈವ್ ಮಾಡಿಕೊಂಡು ಯಾರು ಬರುತ್ತಾರೆ? ಹೊಸ ಪ್ರಸ್ತಾವದ ಸರದಿ ಕೊನೆಗೆ. ಅಷ್ಟರಲ್ಲಿ ಫಾಯಿಲ್ ಸರಿಯುತ್ತದೆ, ಕುರ್ಚಿಗಳು ಖಾಲಿ, ಕೋರಂ ಇಲ್ಲ, ಮುಂದಿನ ವರ್ಷ ನೋಡೋಣ. ಎರಡು ಸಲ ಹಾಗೇ ಆಯಿತು.

ಮೂರನೆಯ ಸಲ ಆಂಟಿ ಸೌಟು ಹಿಡಿದು ಟ್ರೇಗಳ ಮುಂದೆ ನಿಂತರು. ವೋಟ್ ಆಗುವ ತನಕ ಯಾರೂ ಮುಟ್ಟುವಂತಿಲ್ಲ! ಭಾಷಣಗಳು ಎಳೆದವು, ಎಳೆದವು... ವೇಷ ಹಾಕಿಕೊಂಡಿದ್ದ ಒಂದು ಪುಟ್ಟ ಹುಡುಗಿ ಅವರ ಸೀರೆ ಜಗ್ಗಿ, "ಅಜ್ಜಿ, ಐ ಆಮ್ ಹಂಗ್ರಿ" ಎಂದು ಅತ್ತಳು. ಆಂಟಿ ಒಮ್ಮೆ ನನ್ನ ಮುಖ ನೋಡಿ, ತಾವೇ ಫಾಯಿಲ್ ತೆಗೆದರು. ಮಗುವಿನ ಹಿಂದೆ ಇಡೀ ಸಭೆ ಬಂದು ನಿಂತಿತು.

ಅವಳೊಬ್ಬಳಿಗೆ ಕೊಟ್ಟು ಮುಚ್ಚಬಾರದಿತ್ತೇ ಎಂದು ಸಿಡುಕಿದೆ. "ಒಂದಕ್ಕ ಕೊಟ್ಟು ಉಳಿದ ಮಕ್ಕಳಿಗೆ ಇಲ್ಲ ಅನ್ನಲೇನವಾ?" ಎಂದರು, ಬಡಿಸುತ್ತಲೇ.

ಆ ಚಳಿಗಾಲ ದಾಟುವ ಮೊದಲೇ ಆಂಟಿ ತೀರಿಕೊಂಡರು. ಮುಂದಿನ ರಾಜ್ಯೋತ್ಸವದಲ್ಲಿ ಅವರಿಗಾಗಿ ಮೌನಾಚರಣೆ. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಅಂದು ಫಾಯಿಲ್ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅದು ಮುಗಿದದ್ದೇ ಅಧ್ಯಕ್ಷರು ಆಂಟಿಯ ಪ್ರಸ್ತಾವ ಓದಿದರು, ಎಲ್ಲ ಕೈಗಳೂ ಮೇಲೆದ್ದವು. ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಅವರಿಗೋಸ್ಕರ ಒಂದು ಗಳಿಗೆ ಕೂರಲಾರದೆ ಹೋದರಲ್ಲ, ಈ ಜನ!

ನಮ್ಮ ಮನೆಯವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಈ ಸಲ ಮಗಳು ಬಲವಂತ ಮಾಡಿ ಕರೆತಂದಳು. ಬಾಗಿಲಲ್ಲಿ ಹೆಸರು ಕೇಳಿದಾಗ ಅಭ್ಯಾಸಬಲದಿಂದ ಅವರ ಹೆಸರೇ ನಾಲಿಗೆಗೆ ಬಂತು. ಕಷ್ಟಪಟ್ಟು ನನ್ನದನ್ನು ಹೇಳಿದೆ. ಹುಡುಗ ಸ್ಕ್ರೀನ್ ನೋಡಿ, "ಇದೀರಿ ಆಂಟಿ, ಒಳಗೆ ಬನ್ನಿ" ಎಂದ.

ಆಂಟಿ ಕೇಳಿದ್ದೂ ಇಷ್ಟನ್ನೇ...