ಅಪ್ಪನ ಒಪ್ಪಿಗೆ

ಕೈಕಾಲು, ನಾಲಿಗೆ ಬಿದ್ದುಹೋದವರ ತಲೆಯೊಳಗಿನ ಮಾತನ್ನು ಈಗ ಯಂತ್ರ ಓದುತ್ತದಂತೆ. ಮೊನ್ನೆ ಪೇಪರಿನಲ್ಲಿ ನೋಡಿ ಮಡಚಿಟ್ಟೆ. ಓದಿದ ಮೇಲೆ ಕೇಳಿಸಿಕೊಳ್ಳುವವರು ಯಾರು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಎಪ್ಪತ್ತರ ದಶಕ. ಸಿರುಗುಪ್ಪದಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಳ್ಳಾರಿಯ ಡಾಕ್ಟರು, ಇವರಿಗೆ ಎಲ್ಲ ತಿಳಿಯುತ್ತದೆ, ಕಣ್ಣೊಂದು ಬಿಟ್ಟರೆ ಮೈಯಲ್ಲಿ ಬೇರೇನೂ ಆಡುವುದಿಲ್ಲ ಎಂದರು. ಮನೆಗೆ ಕರೆತಂದ ಮೇಲೆ ನಾನೇ ಒಂದು ಕಟ್ಟಳೆ ಮಾಡಿದೆ. ಕಣ್ಣು ಮುಚ್ಚಿ ಹಿಡಿದರೆ ಹೌದು, ಮೇಲೆ ನೋಡಿದರೆ ಬೇಡ. ಅಪ್ಪ ಎರಡೇ ದಿನದಲ್ಲಿ ಕಲಿತ. ನೀರು, ಸೆಕೆ, ಮಗ್ಗುಲು ಬದಲಾಯಿಸುವುದು, ಎಲ್ಲ ಅದರಲ್ಲೇ ನಡೆಯಿತು.

ಅವ್ವನ ತಮ್ಮ ವಾರಕ್ಕೆರಡು ಸಲ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು ಅಪ್ಪನನ್ನು ಎತ್ತಿ ಸ್ನಾನ ಮಾಡಿಸುತ್ತಿದ್ದ. ನನ್ನನ್ನು ಅವನಿಗೇ ಕೊಡಬೇಕೆಂದು ಅವ್ವನ ಹಟ. ಬಳ್ಳಾರಿಗೆ ಟೀಚರ್ ಟ್ರೈನಿಂಗಿಗೆ ಕಳಿಸುತ್ತೇನೆಂದು ಅಪ್ಪ, ಬಾಯಿದ್ದಾಗ, ಹೇಳಿದ್ದ.

ಒಂದು ಬೆಳಿಗ್ಗೆ ಅವ್ವ ಅಡಿಗೆಮನೆಗೆ ಬಂದು, "ನಿಮ್ಮಪ್ಪ ಹೂಂ ಅಂದಾರ," ಎಂದಳು. ಕುರುಗೋಡಿಗೂ ಸುದ್ದಿ ಹೋಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಬಡಿದು ಮುಗಿಸಿದೆ.

ಎರಡು ದಿನದ ಮೇಲೆ ಅವ್ವ ನೀರಿಗೆ ಹೋಗಿದ್ದಳೆಂದು ಅಪ್ಪನಿಗೆ ವಿಭೂತಿ ಹಚ್ಚುವ ಕೆಲಸ ನನಗೆ ಬಂತು. ಬೆರಳು ಹಣೆಗೆ ಹೋದ ಕೂಡಲೇ ಅಪ್ಪ ಕಣ್ಣು ಮುಚ್ಚಿದ. ಪುಡಿ ಬೀಳಬಾರದೆಂದು ಯಾರಾದರೂ ಮುಚ್ಚುತ್ತಾರೆ. ಅವ್ವ ದಿನಾ ವಿಭೂತಿ ಹಚ್ಚುತ್ತಲೇ ಅವನನ್ನು ಮಾತಾಡಿಸುತ್ತಿದ್ದಳು; ಮೊನ್ನೆಯ ಹೂಂ ಕೂಡ ಹಾಗೇ ಸಿಕ್ಕಿದ್ದಿರಬೇಕು. ಕೈ ಒರೆಸಿಕೊಂಡು, ಅವನು ಕಣ್ಣು ತೆರೆದ ಮೇಲೆ ಕೇಳಿದೆ.

"ಅಪ್ಪಾ, ಮಾವಗ ಕೊಡಾಕ ನೀ ಒಪ್ಪಿದೇನು?"

ಮೇಲೆ ನೋಡಿದ. ಮತ್ತೆ ಕೇಳಿದೆ. ಮತ್ತೆ ಮೇಲೆ.

ಅವ್ವ ಬಂದಾಗ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಅಂದು ಮಾವ ಬರುವ ದಿನ. ಆಗಲೇ ಬಂದು, ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ಎದುರಿಗೇ ಅವ್ವ ಅಪ್ಪನ ಹತ್ತಿರ ಕುಳಿತಳು.

"ಕೊಡೋದಿಲ್ಲ ಅಂದ್ರ ಇವ ಇನ್ನ ಯಾವ ಮುಖ ಇಟ್ಕೊಂಡು ಬರ್ತಾನ? ನಿಮ್ಮನ್ನ ಯಾರು ಎತ್ತಬೇಕ್ರೀ? ಹೇಳ್ರಿ, ಕೊಡೋಣೇನು?"

ಅಪ್ಪ ನನ್ನನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಅವ್ವ ಸಾಕು ಎನ್ನುವವರೆಗೂ ತೆರೆಯಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಈ ಸಲ ಹಣೆಯ ಮೇಲೆ ಯಾರ ಬೆರಳೂ ಇರಲಿಲ್ಲ, ಅದು ಹೌದೇ ಆಗಿತ್ತು. ಅಲ್ಲ ಎನ್ನಲು ನನಗೆ ದಾರಿ ಇರಲಿಲ್ಲ. ಮಾವ ಅಪ್ಪನನ್ನು ಎತ್ತಿಕೊಂಡ. ನಾನು ಹಂಡೆಯಿಂದ ಬಿಸಿನೀರು ತೋಡಿಕೊಟ್ಟೆ.