ವಸಂತನ ನೋಬಾಲ್‌ಗಳು

ವಸಂತ ಬೌಲಿಂಗ್ ಮಾಡಲು ಓಡಿ ಬರುತ್ತಿದ್ದದ್ದು ಮೈದಾನದ ಆಚೆಯಿಂದ. ಸುಣ್ಣದ ಗೆರೆ ದಾಟಿ, ಸಾಲಾಗಿ ನಿಂತ ಕಾರುಗಳ ಹಿಂದೆ ಹೋಗಿ, ಯಾರದೋ ಪಿಕಪ್ಪಿನ ಪಕ್ಕ ಗುರುತಿಗೊಂದು ಕಲ್ಲಿಟ್ಟು ಅಲ್ಲಿಂದ ಹೊರಡುತ್ತಿದ್ದ. ಬ್ಯಾಟ್ ಹಿಡಿದವನಿಗೆ ಮೊದಲು ಕಾಣುವುದು ಕಾರುಗಳ ನಡುವೆ ಏಳುವ ಧೂಳು, ಆಮೇಲೆ ವಸಂತ. ಪಿಕಪ್ಪಿನೊಳಗೆ ಎಸಿ ಹಾಕಿಕೊಂಡು ಪಂದ್ಯ ನೋಡುತ್ತಿದ್ದವರು ಕಿಟಕಿ ಇಳಿಸಿ ತಮಾಷೆ ಮಾಡಿದರೆ, "ಸ್ವಲ್ಪ ಗಾಡಿ ಹಿಂದೆ ತೆಗೀರಿ ಮಾರಾಯ್ರೆ, ನಂಗೆ ಇನ್ನೂ ನಾಲ್ಕು ಹೆಜ್ಜೆ ಬೇಕು" ಎಂದು ಅವರನ್ನೇ ಗದರಿಸುತ್ತಿದ್ದ.

ಇದು ಎಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ನಾವು ಮಸ್ಕತ್ತಿನ ಅಲ್ ಗುಬ್ರಾದಲ್ಲಿದ್ದೆವು. ನಮ್ಮನೆಯವರು ತೋಟದ ಪಂಪು ಮತ್ತು ಬಿಡಿಭಾಗ ಮಾರುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿದ್ದರು. ಕಂಪನಿಯ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್ ಕೂಡ. ಚಳಿಗಾಲದ ಶುಕ್ರವಾರಗಳಂದು ಕಂಪನಿಗಳ ನಡುವೆ ಲೀಗ್ ನಡೆಯುತ್ತಿತ್ತು. ಹುಲ್ಲಿನ ಸುಳಿವಿಲ್ಲದ ಜಲ್ಲಿ ನೆಲ, ನಡುವೆ ಸಿಮೆಂಟಿನ ಪಿಚ್, ಅದರ ಮೇಲೆ ಮೊಳೆ ಹೊಡೆದು ಬಿಗಿದ ತೆಂಗಿನ ನಾರಿನ ಮ್ಯಾಟ್. ಆಟಗಾರರಿಗೆ ಮಾತ್ರ ಅದು ಬರೀ ಆಟವಾಗಿರಲಿಲ್ಲ. ಚೆನ್ನಾಗಿ ಆಡುವವರನ್ನು ಊರಿನಿಂದ ವೀಸಾ ಕೊಟ್ಟು ಕರೆಸುತ್ತಿದ್ದರು. ಪಡುಬಿದ್ರಿಯ ವಸಂತ ಬಂದದ್ದು ಹಾಗೆ: ಕಾಗದದ ಮೇಲೆ ಸ್ಟೋರ್‌ಕೀಪರ್, ಅಸಲಿನಲ್ಲಿ ಫಾಸ್ಟ್ ಬೌಲರ್.

ತಂಡದ ಸ್ಕೋರರ್ ರಜೆಯ ಮೇಲೆ ಊರಿಗೆ ಹೋದವನು ಮದುವೆ ಮಾಡಿಕೊಂಡು ಅಲ್ಲೇ ಉಳಿದ. ಅವನ ಪುಸ್ತಕ ನನ್ನ ಕೈಗೆ ಬಂತು. ಹಾಸನದಲ್ಲಿ ಅಣ್ಣಂದಿರ ಪಂದ್ಯಗಳಿಗೆ ಸ್ಕೋರ್ ಬರೆದ ಅಭ್ಯಾಸ ನನಗಿತ್ತು, ಶುಕ್ರವಾರವಿಡೀ ಫ್ಲ್ಯಾಟಿನಲ್ಲಿ ಒಬ್ಬಳೇ ಕೂರುವುದು ಸಾಕಾಗಿಯೂ ಇತ್ತು. ಒಂದು ಛತ್ರಿ, ಒಂದು ಫ್ಲಾಸ್ಕ್, ಎರಡು ಪೆನ್ಸಿಲ್ ಹಿಡಿದು ಹೋಗಿ ಕುಳಿತೆ. ಹೆಂಗಸು ಸ್ಕೋರ್ ಬರೆಯುತ್ತಾಳಾ ಎಂದು ಎದುರು ತಂಡದವರು ಮೊದಲೆರಡು ವಾರ ಲೆಕ್ಕ ತಾಳೆ ನೋಡಿದರು. ತಪ್ಪು ಸಿಗದೆ ಸುಮ್ಮನಾದರು.

ಪಂದ್ಯ ಮುಗಿದ ಮೇಲೆ ವಸಂತ ನಮ್ಮಲ್ಲೇ ಊಟಕ್ಕೆ ಬರುತ್ತಿದ್ದ. ನಾನು ಘಟ್ಟದ ಮೇಲಿನವಳು, ತುಳು ಬಾರದವಳು. ಅದಕ್ಕೆ ನನ್ನೊಂದಿಗೆ ಕನ್ನಡ. ಬ್ಯಾಟ್ಸ್‌ಮನ್‌ಗಳನ್ನೆಲ್ಲ ಅವನು ಗಿರಾಕಿಗಳೆಂದೇ ಕರೆಯುತ್ತಿದ್ದ. "ಇವತ್ತು ಓಪನಿಂಗ್ ಬಂದ ಗಿರಾಕಿ ಉಂಟಲ್ಲ ಅಕ್ಕ, ಅವನಿಗೆ ಮೊದಲನೇ ಬಾಲೇ ಕಂಡಿಲ್ಲ. ಪಾಪ, ಎರಡನೇದ್ದು ಕಾಣ್ಲಿ ಅಂತ ಸ್ಲೋ ಹಾಕಿದೆ." ತನ್ನ ಬಗ್ಗೆ ಅವನಿಗೆ ಸಂಕೋಚವೇ ಇರಲಿಲ್ಲ. ಅವನ ಒಂದೇ ದೋಷ ನೋಬಾಲ್. ಓಟದ ರಭಸದಲ್ಲಿ ಕಾಲು ಗೆರೆ ದಾಟಿಬಿಡುತ್ತಿತ್ತು, ಎದುರಾಳಿಗೆ ಒಂದು ರನ್ ಪುಕ್ಕಟೆ. ನಮ್ಮನೆಯವರು ತಲೆ ಚಚ್ಚಿಕೊಳ್ಳುತ್ತಿದ್ದರು. ಪುಸ್ತಕದಲ್ಲಿ ನೋಬಾಲಿಗೆ ದುಂಡಗೊಂದು ಗುರುತು ಹಾಕಬೇಕು. ವಸಂತನ ಸಾಲಿನ ತುಂಬ ದುಂಡಗಿನ ಗುರುತುಗಳೇ.

ಎರಡನೆಯ ಸೀಸನ್ನಿನ ಮೊದಲ ಪಂದ್ಯಕ್ಕೆ ಕಂಪನಿಯ ಮ್ಯಾನೇಜರ್ ಬಂದಿದ್ದರು. ಮುಂಬಯಿಯ ಕಡೆಯವರು, ಕ್ರಿಕೆಟ್ ಹುಚ್ಚಿನವರು, ವಸಂತನನ್ನು ಕರೆಸಿದವರೇ ಅವರು. ಅವರ ಕುರ್ಚಿಯ ಕಡೆಗೇ ಚೆಂಡು ಉರುಳಿತು. ಆ ಜಲ್ಲಿಯ ಮೇಲೆ ಬುದ್ಧಿಯಿದ್ದವರು ಯಾರೂ ಹಾರಿ ಬೀಳುವುದಿಲ್ಲ. ವಸಂತ ಹಾರಿದ. ಬಲಭುಜದ ಮೇಲೆ ಬಿದ್ದು, ಚೆಂಡು ತಡೆದು, ಎದ್ದು ನಕ್ಕ. ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಅದಾದ ಮೇಲೆ ನೋಬಾಲ್ ನಿಂತಿತು. ಒಂದು ಪಂದ್ಯ, ಎರಡು, ನಾಲ್ಕು ಪಂದ್ಯವಾದರೂ ಒಂದೂ ಇಲ್ಲ. "ಕೊನೆಗೂ ನಾನು ಹೇಳಿಕೊಟ್ಟಿದ್ದು ತಲೆಗೆ ಹೋಯ್ತು ನೋಡು" ಎಂದು ನಮ್ಮನೆಯವರು ಮೀಸೆ ತಿರುವಿದರು. ನನಗೆ ಪುಸ್ತಕ ನೋಡಿದಾಗಲೆಲ್ಲ ಏನೋ ಕಸಿವಿಸಿ. ಆ ಶುಕ್ರವಾರ ಊಟಕ್ಕೆ ಮುಂಚೆ ಅವನು ಕನ್ನಡಿಯ ಮುಂದೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುವುದು ಕಂಡೆ. ಊಟವಾಗಿ ನಮ್ಮನೆಯವರು ಒಳಗೆ ಅಡ್ಡಾದ ಮೇಲೆ ಕೇಳಿಯೇಬಿಟ್ಟೆ.

"ವಸಂತ, ಭುಜಕ್ಕೆ ಏನಾಗಿದೆ?"

"ಎಂತ ಇಲ್ಲ ಅಕ್ಕ."

"ನಾಲ್ಕು ಮ್ಯಾಚಿಂದ ಒಂದು ನೋಬಾಲ್ ಇಲ್ಲ. ಮೊದಲಿನ ಜೋರಲ್ಲಿ ಬರೋಕೆ ನಿಮಗೆ ಆಗ್ತಿಲ್ಲ. ನನ್ನ ಪುಸ್ತಕವೇ ಹೇಳ್ತಿದೆಯಲ್ಲ."

ಅವನು ಒಳಕೋಣೆಯ ಬಾಗಿಲನ್ನೊಮ್ಮೆ ನೋಡಿದ. "ಡಾಕ್ಟರು ಇನ್ನು ಬಾಲ್ ಮುಟ್ಟುದು ಬೇಡ ಅಂದಿದ್ದಾರೆ. ಅಣ್ಣನ ಹತ್ರ ಹೇಳ್ಬೇಡಿ. ಸೀಸನ್ ಮುಗಿದ್ಮೇಲೆ ಫ್ಯಾಮಿಲಿ ವೀಸಾಕ್ಕೆ ಅರ್ಬಾಬಿನ ಸೈನ್ ಹಾಕಿಸ್ತೇನೆ ಅಂತ ಮ್ಯಾನೇಜರ್ ಹೇಳಿದ್ದಾರೆ. ಮಗಳಿಗೆ ಒಂದೂವರೆ ವರ್ಷ ಆಯ್ತು ಅಕ್ಕ, ನಾನು ಫೋಟೊದಲ್ಲಿ ನೋಡಿದ್ದು ಮಾತ್ರ. ಕೈ ಹೋಯ್ತು ಅಂತ ಗೊತ್ತಾದ್ರೆ ಹೆಂಡತಿ ಮಗಳು ಬರುದು ಬಿಡಿ, ನಾನೇ ಇಲ್ಲಿ ಇರುದಿಲ್ಲ."

ಅರ್ಬಾಬ್ ಎಂದರೆ ಕಂಪನಿಯ ಒಮಾನಿ ಯಜಮಾನರು, ನಮ್ಮೆಲ್ಲರ ವೀಸಾದ ಹೊಣೆ ಹೊತ್ತ ಕಫೀಲ್. ಅವರ ಸಹಿ ಇಲ್ಲದೆ ನಮ್ಮವರ್‍ಯಾರ ಹೆಂಡತಿ ಮಕ್ಕಳೂ ಅಲ್ಲಿ ಬಂದಿಳಿಯುವಂತಿರಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಔಷಧ ಮಾಡಿಸಿಕೊಳ್ಳಲಿ ಎಂದು ನಾನು ಆಡಿದ ನೋಬಾಲಿನ ಮಾತನ್ನು ಅವನು ಬೇರೆಯೇ ರೀತಿ ತೆಗೆದುಕೊಂಡಿದ್ದ ಎಂದು ತಿಳಿದದ್ದು ಮುಂದಿನ ಶುಕ್ರವಾರ.

ಆ ದಿನ ಮೂರನೆಯ ಓವರಿನಲ್ಲಿ ನೋಬಾಲ್. "ಛೆ!" ಎಂದು ವಸಂತ ಮೈದಾನಕ್ಕೆಲ್ಲ ಕೇಳುವಂತೆ ಹಣೆ ಬಡಿದುಕೊಂಡು, ನನ್ನ ಛತ್ರಿಯ ಕಡೆಗೆ ಓರೆಗಣ್ಣು ಹಾಯಿಸಿದ. ಐದನೆಯ ಓವರಿನಲ್ಲಿ ಮತ್ತೊಂದು. ಪುಣ್ಯಾತ್ಮ ಬೇಕೆಂದೇ ಗೆರೆ ದಾಟುತ್ತಿದ್ದ! ನೋಬಾಲ್ ಬಿದ್ದರೆ ವೇಗ ಇದೆಯೆಂದು ಜನ ನಂಬುತ್ತಾರೆ ಎಂಬ ಎಣಿಕೆ. ನಂಬಿದರು ಕೂಡ. "ಹಳೇ ರೋಗ ಮತ್ತೆ ಬಂತಲ್ಲಪ್ಪ" ಎಂದು ನಮ್ಮನೆಯವರು ಗೊಣಗಿದರು. ನನಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ನೋವು ನುಂಗಿಕೊಂಡು ಅವನು ಇಡೀ ಸೀಸನ್ ಹೀಗೇ ನಟಿಸಿದ. ಬುದ್ಧಿವಂತ, ವೇಗ ಹೋದರೂ ಬ್ಯಾಟ್ಸ್‌ಮನ್ನಿನ ಕಣ್ಣಿಗೆ ಮಣ್ಣೆರಚಿ ವಿಕೆಟ್ ತೆಗೆಯುತ್ತಿದ್ದ.

ಸೆಮಿಫೈನಲ್ಲಿನಲ್ಲಿ ಎರಡೂ ಕಡೆ ರನ್ ಸಮ ಆಗಿ ಒಂದೇ ಚೆಂಡು ಉಳಿಯಿತು. ರನ್ ಕೊಡದಿದ್ದರೆ ಪಂದ್ಯ ಟೈ. ಲೀಗಿನಲ್ಲಿ ನಾವೇ ಮುಂದಿದ್ದದ್ದರಿಂದ ಫೈನಲ್ ನಮ್ಮದು. ವಸಂತ ಕಾರುಗಳ ಹಿಂದಿನಿಂದ ಬಂದ. ಸ್ಟಂಪು ಹಾರಿತು. ನಮ್ಮವರು ಕುಣಿದಾಡಿದರು. ಅಂಪೈರ್ ಮಾತ್ರ ಕೈಯನ್ನು ಅಡ್ಡಕ್ಕೆ ಚಾಚಿ ನಿಂತಿದ್ದರು. ನೋಬಾಲ್, ಒಂದು ರನ್, ನಾವು ಸೋತೆವು. ನಾನು ಆ ದುಂಡಗಿನ ಗುರುತು ಹಾಕಿದಾಗ ಪೆನ್ಸಿಲ್ ಮುರಿಯಿತು.

ಆ ದಿನ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. ನಮ್ಮನೆಯವರು ಬಾಯಿಗೆ ಬಂದಂತೆ ಬೈದರು. ಕೊನೆಗೆ ವಸಂತ ಎಂದ, "ಇದು ಬೇಕೂಂತ ಹಾಕಿದ್ದಲ್ಲ ಅಣ್ಣ. ಕಾಲಿಗೆ ಅಭ್ಯಾಸ ಆಗಿಹೋಗಿತ್ತು."

"ಬೇಕಂತ ಹಾಕಿದ್ದಲ್ಲ ಅಂದ್ರೆ? ಬೇರೆಯವನ್ನ ಬೇಕಂತ ಹಾಕ್ತಿದ್ಯಾ?"

ನಾನು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ನಾನು ನೋಬಾಲಿನ ಮಾತೆತ್ತದಿದ್ದರೆ ಇದಾಗುತ್ತಿರಲಿಲ್ಲ ಎಂದೆ. ಅವರು ನಮ್ಮಿಬ್ಬರನ್ನೂ ನೋಡಿ, "ಇಬ್ಬರೂ ಸೇರಿ ನನ್ನ ಮಂಗ ಮಾಡಿದ್ರಿ" ಎಂದರು. ಆಮೇಲೆ ಅವನ ಷರ್ಟು ಬಿಚ್ಚಿಸಿ ಭುಜ ನೋಡಿದರು. ಮತ್ತೆ ಬೈಯಲಿಲ್ಲ.

ಮರುದಿನ ವಸಂತ ತಾನೇ ಹೋಗಿ ಮ್ಯಾನೇಜರಿಗೆ ನಿಜ ಹೇಳಿದ. ವಾರದೊಳಗೆ ಅವನ ವೀಸಾ ರದ್ದತಿಯ ಕಾಗದ ಟೈಪಾಗಿ ಅರ್ಬಾಬಿನ ಮೇಜಿಗೆ ಹೋಯಿತು. ನಮ್ಮನೆಯವರು ಜೊತೆಗೆ ಹೋಗಿದ್ದರು, ಅಲ್ಲಿ ನಡೆದದ್ದನ್ನು ಸಾಯುವವರೆಗೂ ಮರೆಯಲಾರೆ ಎನ್ನುತ್ತಿದ್ದರು. ಅರ್ಬಾಬ್ ಕಾಗದ ಓದಿ ಹಿಂದಿಯಲ್ಲಿ ಕೇಳಿದರಂತೆ, "ಇವನು ಕದ್ದಿದ್ದಾನಾ?"

"ಇಲ್ಲ ಸಾರ್," ಎಂದರು ಮ್ಯಾನೇಜರ್. "ಇನ್ನು ಬೌಲಿಂಗ್ ಹಾಕಲಾರ."

"ನನ್ನ ಸ್ಟೋರಿನಲ್ಲಿ ಬೌಲಿಂಗ್ ಯಾಕೆ ಹಾಕಬೇಕು?"

ವಸಂತ ಬಂದ ಮೇಲೆ ಕೇಳಿದ ಸಾಮಾನು ಕೇಳಿದ ಗಳಿಗೆಯಲ್ಲಿ ಕೈಗೆ ಸಿಗುವುದನ್ನು ಅರ್ಬಾಬ್ ಗಮನಿಸಿದ್ದರು. ಕ್ರಿಕೆಟ್ ಎಂದರೆ ಏನೆಂದು ಅವರಿಗೆ ಗೊತ್ತೇ ಇರಲಿಲ್ಲ! ನಾವೆಲ್ಲ ಎರಡು ವರ್ಷ ಯಾರಿಗೆ ಹೆದರಿ ಸತ್ತೆವೋ ಆ ಮನುಷ್ಯನಿಗೆ ವಸಂತ ಬರೀ ಒಳ್ಳೆಯ ಸ್ಟೋರ್‌ಕೀಪರ್. "ಸಹಮ್ ಊರಿನ ನಮ್ಮ ಅಂಗಡಿಯಲ್ಲಿ ಜನ ಇಲ್ಲ, ತೋಟದವರು ದಿನಾ ಬೊಬ್ಬೆ ಹಾಕ್ತಾರೆ. ಇವನನ್ನು ಅಲ್ಲಿಗೆ ಕಳಿಸು. ಹಿಂದೆ ಮನೆಯೂ ಇದೆ. ಹೆಂಡತಿ ಇದ್ದಾಳಾ? ಅವಳ ವೀಸಾದ ಕಾಗದ ತಾ. ಯಲ್ಲಾ, ಬೇಗ."

ವಸಂತ ನಮ್ಮ ಮನೆಗೆ ಬಂದು ಸೋಫಾದ ಮೇಲೆ ಕೂತು, "ಆಯ್ತು ಅಕ್ಕ" ಎಂದವನು ಮುಖ ಮುಚ್ಚಿಕೊಂಡು ಅತ್ತ. ನನ್ನ ಎದೆಯ ಮೇಲಿನ ಕಲ್ಲೂ ಅಂದು ಇಳಿಯಿತು.

ತೊಂಬತ್ತರ ದಶಕದಲ್ಲಿ ನಾವು ಒಮಾನ್ ಬಿಟ್ಟು ಹೊರಡುವ ಮುನ್ನ ಒಂದು ಶುಕ್ರವಾರ ಸಹಮ್‌ಗೆ ಹೋದೆವು. ವಸಂತನಿಗೆ ಹೊಟ್ಟೆ ಬಂದಿತ್ತು. ಮೀನುಸಾರಿನ ಎದುರು ಕೂತು, ಆಟ ನೆನಪಾಗುವುದಿಲ್ಲವೇ ಎಂದು ನಮ್ಮನೆಯವರು ಕೇಳಿದರೆ, "ನೆನಪಾಗ್ತದೆ ಅಣ್ಣ. ಆದ್ರೆ ಮೊದಲು ಒಂದೊಂದು ಬಾಲಿನ ಹಿಂದೆಯೂ ವೀಸಾ ಓಡಿ ಬರ್ತಿತ್ತು" ಎಂದು ನಕ್ಕ. ಅವನ ಹೆಂಡತಿ ಸುಜಾತ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ಮದುವೆಯ ನಾಲ್ಕನೇ ದಿನ ಮ್ಯಾಚಿಗೆ ಹೋದವರು ಅಕ್ಕ ಇವರು. ಆ ಕೈ ಹೋದದ್ದಕ್ಕೆ ನಾನು ದೇವರಿಗೆ ಹೂವಿನ ಪೂಜೆ ಮಾಡಿಸಿದ್ದೇನೆ. ಹೇಳ್ಬೇಡಿ ಮತ್ತೆ."

ಊಟವಾಗಿ, ನಮ್ಮನೆಯವರು ಊರಿನಲ್ಲಿ ಕಟ್ಟಿಸುವ ಮನೆಯ ಬಗ್ಗೆ ಏನೋ ಹೇಳುತ್ತಿದ್ದ ಹಾಗೇ ವಸಂತ ಚಾಪೆಯ ಮೇಲೆ ನಿದ್ದೆ ಹೋದ. ಮಗಳು ಬಂದು ಅವನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದಳು. ನಾವು ಹೊರಡುವ ಹೊತ್ತಾಯಿತು. ಸುಜಾತ ಸಂಕೋಚದಿಂದ ಎಬ್ಬಿಸಲು ಬಗ್ಗಿದಳು. ಇನ್ನು ನಾವು ಅವನನ್ನು ನೋಡುವುದು ಯಾವಾಗಲೋ, ನೋಡುತ್ತೇವೋ ಇಲ್ಲವೋ. ನನಗೂ ಅದು ಗೊತ್ತಿತ್ತು. ಆದರೂ ಬೇಡ ಎಂದು ಅವಳ ಕೈ ಹಿಡಿದುಕೊಂಡೆ. ಚಪ್ಪಲಿಗಳನ್ನು ಕೈಯಲ್ಲೇ ಹಿಡಿದು ಬಾಗಿಲು ದಾಟಿದೆವು.